ವಿನ್‌ಸ್ಲೇಡ್ ಶಾಲೆಗೊಂದು ಓಟು

ಅರಿಝೋನಾ
9 ಫೆಬ್ರವರಿ 2014

ಲೋರನ್,

ನಿಮ್ಮ ವಿನ್‌ಸ್ಲೇಡ್ ಶಾಲೆಯವರು ನನಗೊಂದು ಪುಸ್ತಿಕೆ ಕಳಿಸಿದ್ದಾರೆ. ನನ್ನ ಮದುವೆಯ ಕರೆಯೋಲೆಗೂ ಇಷ್ಟು ದಪ್ಪ ಕಾಗದ ಹಾಕಿರಲಿಲ್ಲ. ಮೇಲೆ ನಗುವ ಮಕ್ಕಳು, ಒಳಗೆ ನನ್ನ ಜೇಬಿಗೆ ಕೈ. ಒಂದು ಕೋಟಿ ಎಂಬತ್ತು ಲಕ್ಷ ಡಾಲರ್ ಸಾಲ ಎತ್ತಿ ಹೊಸ ಕಟ್ಟಡ ಕಟ್ಟುತ್ತಾರಂತೆ, ಆ ಸಾಲವನ್ನು ಇಪ್ಪತ್ತು ವರ್ಷ ನಮ್ಮ ಜಮೀನಿನ ತೆರಿಗೆಯಿಂದ ತೀರಿಸುತ್ತಾರಂತೆ, ಅದಕ್ಕೆ ಮೇ ತಿಂಗಳಲ್ಲಿ ಊರಿನವರ ಓಟು ಕೇಳುತ್ತಾರಂತೆ. ಹೊಸ ತರಗತಿಗಳು, ಹೊಸ ಅಡುಗೆಮನೆ, ಎರಡು ಬ್ಯಾಸ್ಕೆಟ್‌ಬಾಲ್ ಅಂಕಣದ ಜಿಮ್. ಸಹಿ ಹಾಕಿರುವುದು ಸೂಪರಿಂಟೆಂಡೆಂಟ್ ಡಾಕ್ಟರ್ ಟ್ರೆಂಟ್ ಆಬರ್ಲ್. ಡಾಕ್ಟರ್ ಅಂತೆ. ಯಾರ ಜ್ವರ ಇಳಿಸಿದ್ದಾನೋ ಕೇಳಿ ಬರೆ.

ಭೂಮಿ ನನ್ನದು. ತೆರಿಗೆ ನನ್ನದು. ಓಟು ಮಾತ್ರ ಅಲ್ಲಿ ಬಾಡಿಗೆ ಮನೆಯಲ್ಲಿರುವವರದ್ದು. ನಾನು ನೆಬ್ರಾಸ್ಕಾ ಬಿಟ್ಟು ಹನ್ನೆರಡು ವರ್ಷವಾಯಿತಲ್ಲ, ನನಗೆ ಅಲ್ಲಿ ಬಾಯಿಲ್ಲ. ಆ ಮಾಂಸದ ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಜನರನ್ನು ತಂದು ತುಂಬಿದರು, ಅವರ ಮಕ್ಕಳು ಶಾಲೆಯಲ್ಲಿ ತುಂಬಿದವು, ಈಗ ಗೋಡೆ ಹಿಗ್ಗಿಸುವ ಖರ್ಚು ನನ್ನ ತಲೆಗೆ. ಕಾರ್ಖಾನೆಯವನನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ.

ನೀನು ಮಾಡಬೇಕಾದ್ದು ಇಷ್ಟು. ಹೆದ್ದಾರಿ ಪಕ್ಕದ ನನ್ನ ಬೇಲಿಗೆ ದೊಡ್ಡ ಹಲಗೆ ಹಾಕು, "ಬೇಡ ಅನ್ನಿ" ಎಂದು ಬರೆ. ಅಕ್ಷರ ಲಾರಿಯವರಿಗೂ ಕಾಣಬೇಕು. ಆಮೇಲೆ ಮೇ ತಿಂಗಳಲ್ಲಿ ಹೋಗಿ ಬೇಡ ಅಂತ ಓಟು ಹಾಕು. ನನ್ನ ಜಮೀನು ಉಳುವವನು ನೀನು, ನನ್ನ ಓಟು ನಿನ್ನ ಕೈಯಲ್ಲಿದೆ ಎಂದುಕೊಳ್ಳುತ್ತೇನೆ.

ಫೋನ್ ಮಾಡಬೇಡ, ನನಗೆ ಕೇಳುವುದಿಲ್ಲ. ಬರೆ. ನಿನ್ನ ಹೆಂಡತಿ ಜೋಲೀನ್ ಹೋದ ಮೇಲೆ ಆ ಮನೆಯಲ್ಲಿ ಒಬ್ಬನೇ ಏನು ಬೇಯಿಸಿಕೊಂಡು ತಿನ್ನುತ್ತೀಯೋ, ಡಬ್ಬಿ ಸೂಪು ತಿಂದು ಸಾಯಬೇಡ.

ನಿನ್ನ ದೊಡ್ಡಮ್ಮ,
ಆರ್ಡಿತ್

ವಿನ್‌ಸ್ಲೇಡ್, ನೆಬ್ರಾಸ್ಕಾ
23 ಫೆಬ್ರವರಿ 2014

ಪ್ರೀತಿಯ ಆರ್ಡಿತ್ ದೊಡ್ಡಮ್ಮನಿಗೆ,

ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಕರು ಹಾಕುವ ಕಾಲ, ಕೊಟ್ಟಿಗೆಯಲ್ಲೇ ದಿನ ಕಳೆಯುತ್ತದೆ. ಕೊಳದ ಆಚೆ ಕಂಬಗಳು ವಾಲಿದ್ದವು, ಸರಿಮಾಡಿದೆ.

ಹಲಗೆ ಹಾಕಿದ್ದೇನೆ. ಕೆಂಪು ಬಣ್ಣ. ಚೆನ್ನಾಗಿ ಕಾಣುತ್ತದೆ. ಓಟೂ ನೀವು ಹೇಳಿದಂತೆಯೇ ಹಾಕುತ್ತೇನೆ.

ಶಾಲೆಯವರು ಒಂದು ಶನಿವಾರ ಬಾಗಿಲು ತೆಗೆದು ಎಲ್ಲರಿಗೂ ತೋರಿಸಿದರು. ನಾವು ಹೋಗಿದ್ದೆವು. ನೀವು ಓದಿದ ಹಳೇ ಕಟ್ಟಡ ಹಾಗೇ ಇದೆ, ಕೋಣೆ ಬೆಚ್ಚಗಿಡುವ ಬಾಯ್ಲರ್ ಕೂಡ ನಾನು ಓದುವಾಗಿನದೇ ಇರಬೇಕು. ಹಿಂದುಗಡೆ ಮೈದಾನದಲ್ಲಿ ಚಕ್ರದ ಟ್ರೈಲರ್ ಕೋಣೆಗಳನ್ನು ನಿಲ್ಲಿಸಿ ಅದರಲ್ಲಿ ಚಿಕ್ಕ ಮಕ್ಕಳಿಗೆ ತರಗತಿ ಮಾಡುತ್ತಾರೆ. ಒಂದರ ನೆಲ ಒಂದು ಮೂಲೆಯಲ್ಲಿ ಮೆತ್ತಗಾಗಿದೆ, ಕಾಲಿಟ್ಟರೆ ಕುಸಿಯುತ್ತದೆ. ಅಲ್ಲಿಗೆ ಪುಸ್ತಕದ ಕಪಾಟು ಸರಿಸಿದ್ದಾರೆ. ನಿಮಗೆ ಗೊತ್ತಿರಲಿ ಎಂದು ಬರೆದೆ ಅಷ್ಟೆ. ಖರ್ಚು ಜಾಸ್ತಿಯಾಯಿತು ಅನ್ನುವುದು ನಿಜ.

ಊಟಕ್ಕೆ ತೊಂದರೆ ಇಲ್ಲ. ಚೆನ್ನಾಗಿ ತಿನ್ನುತ್ತಿದ್ದೇನೆ.

ನಿಮ್ಮ,
ಲೋರನ್

ಅರಿಝೋನಾ
12 ಮಾರ್ಚ್ 2014

ಲೋರನ್,

"ನಾವು ಹೋಗಿದ್ದೆವು" ಅಂತ ಬರೆದಿದ್ದೀಯ. ನಾವು ಅಂದರೆ ಯಾರು, ನೀನೂ ನಿನ್ನ ನಾಯಿಯೂ? ನಾಯಿಯ ಅಭಿಪ್ರಾಯ ಏನಂತೆ? ಒಬ್ಬನೇ ಇದ್ದು ಇದ್ದು ನಿನಗೆ ಹೀಗಾಗಿದೆ.

ನಿಮ್ಮೂರ ವಾರಪತ್ರಿಕೆಗೆ ಚಂದಾ ಕಟ್ಟಿದೆ. ನನಗೆ ಊರ ಸುದ್ದಿ ಬರೆಯುತ್ತಿದ್ದವರೆಲ್ಲ ಸತ್ತಿದ್ದಾರೆ, ಇನ್ನು ಪತ್ರಿಕೆಯೇ ಗತಿ. ಮೊದಲ ಸಂಚಿಕೆಯಲ್ಲೇ ಸ್ಕೂಲ್ ಬೋರ್ಡಿನ ಸಭೆಯ ವರದಿ. ಒದಿಲಿಯಾ ಇಶ್ಕೊಯ್ ಎನ್ನುವ ಹೆಂಗಸು ಎದ್ದು ನಿಂತು ಹೇಳಿದಳಂತೆ, "ನನ್ನ ಮಗಳು ಕೋಟು ಹಾಕಿಕೊಂಡೇ ಲೆಕ್ಕ ಕಲಿಯುತ್ತಾಳೆ" ಅಂತ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಚಪ್ಪಾಳೆ! ನಾವು ಕೋಟು, ಟೋಪಿ, ಕೈಗವಸು ಎಲ್ಲ ಹಾಕಿಕೊಂಡು ಕಲಿತೆವು. ಕಲ್ಲಿದ್ದಲ ಒಲೆಯ ಹತ್ತಿರ ಕೂತವನ ಬೆನ್ನು ಸುಡುತ್ತಿತ್ತು, ಕಿಟಕಿ ಹತ್ತಿರ ಕೂತವನ ಶಾಯಿ ಹೆಪ್ಪುಗಟ್ಟುತ್ತಿತ್ತು. ಯಾರೂ ಎದ್ದು ಭಾಷಣ ಮಾಡಲಿಲ್ಲ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಪತ್ರಿಕೆಯ ಗ್ಲೆನ್ನಾಗೆ ನೀನೇ ಕೈಯಾರೆ ಕೊಡು, ಒಂದು ಅಕ್ಷರ ಬಿಡದೆ ಹಾಕಬೇಕು ಅಂತ ಹೇಳು. ನಿನಗೆ ಓದುವ ವ್ಯವಧಾನ ಇರುವುದಿಲ್ಲ, ಮುಖ್ಯವಾದ್ದು ಇಲ್ಲೇ ಬರೆಯುತ್ತೇನೆ:

"ಶ್ರೀಮತಿ ಇಶ್ಕೊಯ್ ಅವರೇ, ನಿಮ್ಮ ಮಗಳ ಕೋಟಿನ ಬಗ್ಗೆ ಓದಿ ನನಗೆ ಸಂತೋಷವಾಯಿತು. ಅವಳಿಗೆ ಕೋಟು ಇದೆಯಲ್ಲ. ನಮ್ಮೂರಿಗೆ ಬಂದು ನಮ್ಮ ಶಾಲೆಯಲ್ಲಿ ಕೂತು ನಮ್ಮ ಒಲೆ ಸಾಲದು ಅನ್ನುವ ಮುಂಚೆ ಒಂದು ಮಾತು ಹೇಳಿ. ನಿಮ್ಮ ಹೆಸರಲ್ಲಿ ಈ ತಾಲ್ಲೂಕಿನಲ್ಲಿ ಒಂದು ಹೂವಿನ ಕುಂಡದಷ್ಟಾದರೂ ಮಣ್ಣಿದೆಯೇ?"

ಚೆನ್ನಾಗಿಲ್ಲವೇ? ಇಲ್ಲಿ ಇಸ್ಪೀಟು ಆಡುವವರಿಗೆ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕರು.

ಆರ್ಡಿತ್

ವಿನ್‌ಸ್ಲೇಡ್
6 ಏಪ್ರಿಲ್ 2014

ಆರ್ಡಿತ್ ದೊಡ್ಡಮ್ಮನಿಗೆ,

ಮಳೆ ಸ್ವಲ್ಪ ಬಂತು. ಮಣ್ಣು ಇನ್ನೂ ತಣ್ಣಗಿದೆ, ಬಿತ್ತನೆಗೆ ಸಮಯವಿದೆ.

ನೀವು ಹೇಳಿದ ಹಾಗೆ ಕಾಗದವನ್ನು ಗ್ಲೆನ್ನಾಗೆ ಕೊಟ್ಟೆ. ಅವಳು ಓದಿ ನನ್ನ ಮುಖ ನೋಡಿದಳು. ನಿಜವಾಗಲೂ ಹಾಕಬೇಕಾ ಅಂತ ಎರಡು ಸಲ ಕೇಳಿದಳು. ಹಾಕಿ ಅಂದೆ. ಈ ವಾರ ಬಂದಿದೆ. ಊರಲ್ಲಿ ಎಲ್ಲರೂ ಓದಿದ್ದಾರೆ. ಕೆಲವರು ನಕ್ಕರು. ಕೆಲವರು ನಗಲಿಲ್ಲ.

ಆ ಹೆಂಗಸೂ ಓದಿದ್ದಾಳೆ. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಆದರೆ ಅವಳ ಮನಸ್ಸಿನಲ್ಲಿರುವುದು ಮುಖದಲ್ಲಿ ಕಾಣುವುದು ಕಡಿಮೆ.

ಬೀಜ ಬಂದಿದೆ. ಇನ್ನೇನೂ ವಿಶೇಷವಿಲ್ಲ.

ಲೋರನ್

ಅರಿಝೋನಾ
19 ಮೇ 2014

ಲೋರನ್,

ಬಿತ್ತಲ್ಲ ಆಬರ್ಲ್ ಡಾಕ್ಟರ ಅರಮನೆ! ಪತ್ರಿಕೆ ಇವತ್ತು ಬಂತು. ಅಂತರ ಕಡಿಮೆ, ನೂರೂ ಇಲ್ಲ, ಆದರೆ ಬಿದ್ದದ್ದು ಬಿದ್ದದ್ದೇ. ಪುಸ್ತಿಕೆಗೆ ಹಾಕಿದ ದುಡ್ಡಿನಲ್ಲಿ ಆ ಟ್ರೈಲರಿನ ನೆಲಕ್ಕೆ ನಾಲ್ಕು ಹಲಗೆ ಹೊಡೆಸಬಹುದಿತ್ತು, ಅಷ್ಟು ತಲೆ ಅವನಿಗಿಲ್ಲ. ನನ್ನ ಕಾಗದವೇ ಕೆಲಸ ಮಾಡಿದ್ದು ಅಂತ ನನಗೆ ಅನುಮಾನವಿಲ್ಲ. ಸೋತ ಮೇಲೆ ಆ ಇಶ್ಕೊಯ್ ಹೆಂಗಸು ಪತ್ರಿಕೆಗೆ ಹೇಳಿದ್ದಾಳೆ, "ಮತ್ತೆ ಕೇಳುತ್ತೇವೆ." ಕೇಳಲಿ. ಕೇಳುವುದಕ್ಕೆ ತೆರಿಗೆ ಇಲ್ಲ.

ನೀನೂ ನಿನ್ನ ಕೈಲಾದ್ದು ಮಾಡಿದೆ. ಹಲಗೆ ತೆಗೆಯಬೇಡ. ಬಿಸಿಲಿಗೆ ಬಣ್ಣ ಹೋದರೆ ಇನ್ನೊಂದು ಸಲ ಬಳಿ.

ಆರ್ಡಿತ್

ಅರಿಝೋನಾ
2 ಜುಲೈ 2014

ಲೋರನ್,

ಆರು ವಾರ ಆಯಿತು, ಒಂದು ಸಾಲಿಲ್ಲ. ಜೋಳ ಮೇಲೆದ್ದಿದೆಯೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ಕಾಯಿಲೆಯೇ? ಕಾಯಿಲೆಯಾದರೆ ಹಾಗಂತ ಬರೆ. ಸೋಮಾರಿತನವಾದರೆ ಅದನ್ನೂ ಬರೆ, ನನಗೆ ಹೊಸದೇನಲ್ಲ, ನಿನ್ನಪ್ಪನ ಪರಿಚಯ ನನಗಿದೆ.

ಲಕೋಟೆಯ ಮೇಲಿನ ವಿಳಾಸ ಬದಲಾಗಿದೆ, ನೋಡಿಕೋ. ಆ ಮನೆ ದೊಡ್ಡದಾಯಿತು ಅಂತ ಕೊಟ್ಟೆ.

ಆರ್ಡಿತ್

ವಿನ್‌ಸ್ಲೇಡ್
20 ಜುಲೈ 2014

ಆರ್ಡಿತ್ ದೊಡ್ಡಮ್ಮ,

ಕಾಯಿಲೆ ಇಲ್ಲ. ಜೋಳ ನನ್ನೆತ್ತರ ಇದೆ. ಇವತ್ತು ಹವಾಮಾನದ ಬಗ್ಗೆ ಬರೆಯುವುದಿಲ್ಲ.

ಒದಿಲಿಯಾ ಇಶ್ಕೊಯ್ ನನ್ನ ಹೆಂಡತಿ. ಎರಡು ವರ್ಷದ ಕೆಳಗೆ ಕೋರ್ಟಿನಲ್ಲಿ ಮದುವೆಯಾದೆವು. ಅವರ ಕಡೆ ಹೆಂಗಸರು ತಮ್ಮ ಹೆಸರು ಬಿಡುವುದಿಲ್ಲ, ಅದಕ್ಕೇ ಪತ್ರಿಕೆ ಓದಿಯೂ ನಿಮಗೆ ಗೊತ್ತಾಗಲಿಲ್ಲ. ಕೋಟು ಹಾಕಿಕೊಂಡು ಲೆಕ್ಕ ಕಲಿಯುವ ಹುಡುಗಿ ಬ್ರಿಸೇದಾ ನನ್ನ ಮನೆಯಲ್ಲಿ ಬೆಳೆಯುತ್ತಿದ್ದಾಳೆ. ನಾವು ಅಂದರೆ ನಾವು ಮೂವರು. ನಾಯಿ ಸತ್ತು ವರ್ಷವಾಯಿತು.

ನಿಮ್ಮ ಕಾಗದ ಅಚ್ಚಾಗಿ ಬಂದ ದಿನ ಒದಿಲಿಯಾ ಪತ್ರಿಕೆ ತಂದು ಊಟದ ಮೇಜಿನ ಮೇಲೆ ಹರಡಿ ಗಟ್ಟಿಯಾಗಿ ಓದಿದಳು, ಹುಡುಗಿಯ ಮುಂದೆ. ಓದಿ ಮುಗಿಸಿ ಕೇಳಿದಳು, "ಇವರೇನಾ ಆ ನಿನ್ನ ದೊಡ್ಡಮ್ಮ? ಬೇಲಿ ಹಲಗೇನೂ ಇವರದ್ದೇನಾ?" ಹೌದು ಅಂದೆ. "ಕೆಂಪು ಬಣ್ಣ ನಮ್ಮ ಕೊಟ್ಟಿಗೇದು" ಅಂದಳು. ಅಷ್ಟೇ ಅಂದದ್ದು.

ನೀವು ಯಾರನ್ನು ನೋಡಿ ನಕ್ಕಿರಿ ನಿಮಗೆ ಗೊತ್ತಿಲ್ಲ. ಅವಳು ಹನ್ನೊಂದು ವರ್ಷ ಆ ಕಾರ್ಖಾನೆಯ ಚಳಿಯಲ್ಲಿ ನಿಂತು ಮೂಳೆಯಿಂದ ಮಾಂಸ ಬಿಡಿಸಿದವಳು. ನೀವು ಈಜುಕೊಳದ ಪಕ್ಕ ಕೂತು, ನೀವು ಬಿಟ್ಟುಹೋದ ಊರಿಗೆ ಬುದ್ಧಿ ಹೇಳುತ್ತೀರಿ. ನಿಮ್ಮ ಭೂಮಿಯನ್ನು ನಿಮ್ಮ ಗಂಡನ ಅಪ್ಪ ಕೊಂಡದ್ದು, ನಾನು ಉಳುವುದು. ಅದರಲ್ಲಿ ನೀವು ಮಾಡಿದ್ದು ಏನು ಅಂತ ನಾನು ಎಷ್ಟೋ ಸಲ ಟ್ರ್ಯಾಕ್ಟರ್ ಮೇಲೆ ಕೂತು ಯೋಚಿಸಿದ್ದೇನೆ.

ಮೇ ತಿಂಗಳಲ್ಲಿ ನಾನು ಬೇಕು ಅಂತಲೇ ಓಟು ಹಾಕಿದೆ. ನವೆಂಬರಿನಲ್ಲಿ ಮತ್ತೆ ಬರುತ್ತದೆ, ಜಿಮ್ ಬಿಟ್ಟು, ತರಗತಿ ಅಡುಗೆಮನೆ ಮಾತ್ರ. ಆಗಲೂ ಹಾಕುತ್ತೇನೆ. ಹಲಗೆ ಕಿತ್ತಿದ್ದೇನೆ. ಗೇಣಿ ಬಿಡಿಸುವುದಾದರೆ ಸೆಪ್ಟೆಂಬರ್ ಒಂದರೊಳಗೆ ಹೇಳಬೇಕು ಅಂತ ಕಾನೂನಿದೆ. ನಿಮಗೆ ತಿಳಿದಂತೆ ಮಾಡಿ.

ಲೋರನ್ ಸ್ಟೂರ್

ಅರಿಝೋನಾ
22 ಆಗಸ್ಟ್ 2014
ರಿಜಿಸ್ಟರ್ಡ್

ಲೋರನ್,

ಮಾರ್ಚ್ ಒಂದಕ್ಕೆ ಜಮೀನು ಬಿಟ್ಟುಕೊಡು. ಕಾನೂನಿಗೆ ಇಷ್ಟು ಸಾಕು. ಉಳಿದದ್ದು ನಿನಗೆ.

ಆ ಹೆಂಗಸನ್ನು ಮದುವೆಯಾದದ್ದಕ್ಕೆ ಬಿಡಿಸುತ್ತಿದ್ದೇನೆ ಅಂತ ಊರಲ್ಲಿ ಹೇಳಿಕೊಂಡು ತಿರುಗುತ್ತೀಯ. ತಿರುಗು. ನನಗೆ ಅವಳ ಮೇಲೆ ಪ್ರೀತಿಯಿಲ್ಲ, ಯಾಕಿರಬೇಕು. ಆದರೆ ಅವಳು ಎದ್ದು ನಿಂತು ಹೇಳಿದಳು, ನಾನು ಕೂತು ಬರೆದೆ, ಇಬ್ಬರ ಹೆಸರೂ ಪತ್ರಿಕೆಯಲ್ಲಿ ಬಂತು. ನೀನು? ಕಳೆದ ಜನವರಿಯಲ್ಲಿ ಇಲ್ಲಿಗೆ ಬಂದು, ನನ್ನ ಮೇಜಿನಲ್ಲಿ ಊಟ ಮಾಡಿ, "ಮನೆ ಖಾಲಿ ಖಾಲಿ ಅನ್ಸುತ್ತೆ ದೊಡ್ಡಮ್ಮ" ಅಂದೆ. ನಾನು ನಿನ್ನ ತಟ್ಟೆಗೆ ಇನ್ನೊಂದು ತುಂಡು ಬಡಿಸಿದೆ. ಅಲ್ಲಿ ಹೆಂಡತಿ ಮಗು ಹಿಮ ತಳ್ಳುತ್ತಿದ್ದರು.

ಅವಳನ್ನು ಬೈದ ಕಾಗದವನ್ನು ನೀನೇ ಜೇಬಿನಲ್ಲಿಟ್ಟುಕೊಂಡು ಹೋಗಿ ಕೊಟ್ಟೆ. ನಾನು ಯಾರನ್ನು ಬೈಯುತ್ತಿದ್ದೇನೆ ಅಂತ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ಗ್ಲೆನ್ನಾ ಎರಡು ಸಲ ಕೇಳಿದಳಂತೆ. ಪತ್ರಿಕೆ ನಡೆಸುವವಳಿಗಿದ್ದ ಮರ್ಯಾದೆ ಗಂಡನಿಗಿರಲಿಲ್ಲ.

ಇಷ್ಟೆಲ್ಲ ಮಾಡಿ ಈಗ ನನಗೆ ಭಾಷಣ. ಗಂಡಸಾಗಲು ಹೊರಟವನು ಸ್ವಲ್ಪ ಮುಂಚೆ ಹೊರಡಬೇಕಿತ್ತು.

ಆರ್ಡಿತ್ ಫೆನ್ಸ್ಕೆ

ವಿನ್‌ಸ್ಲೇಡ್
7 ಸೆಪ್ಟೆಂಬರ್ 2014

ಶ್ರೀಮತಿ ಫೆನ್ಸ್ಕೆ ಅವರಿಗೆ,

ನಾನು ಒದಿಲಿಯಾ ಇಶ್ಕೊಯ್. ಕಾಗುಣಿತ ಬ್ರಿಸೇದಾ ನೋಡಿದ್ದಾಳೆ. ಅವಳಿಗೆ ತೋರಿಸಬಾರದ ಸಾಲುಗಳನ್ನು ಆಮೇಲೆ ನಾನೇ ಸೇರಿಸಿದ್ದೇನೆ, ಅಲ್ಲಿ ತಪ್ಪಿದ್ದರೆ ನನ್ನದು.

ಜಮೀನು ವಾಪಸ್ ಕೇಳಲು ಬರೆಯುತ್ತಿಲ್ಲ. ನೀವು ಪತ್ರಿಕೆಯಲ್ಲಿ ಒಂದು ಪ್ರಶ್ನೆ ಕೇಳಿದಿರಿ, ಯಾರೂ ಉತ್ತರ ಕೊಡಲಿಲ್ಲ. ಹೂವಿನ ಕುಂಡದಷ್ಟು ಮಣ್ಣಿದೆಯೇ ಅಂತ. ಇಲ್ಲ. ಓಟೂ ಇಲ್ಲ, ಪೌರತ್ವದ ಅರ್ಜಿ ಇನ್ನೂ ಎಲ್ಲೋ ಒಂದು ಮೇಜಿನ ಮೇಲಿದೆ. ನಿಮಗೆ ಮಣ್ಣಿದೆ, ಓಟಿಲ್ಲ. ನಮ್ಮ ಮೂವರಲ್ಲಿ ಓಟಿರುವುದು ಲೋರನ್ ಒಬ್ಬನಿಗೇ.

ನಿಮಗೆ ಬರೆದ ಜುಲೈ ತಿಂಗಳ ಪತ್ರವನ್ನು ಅವನು ಪೋಸ್ಟ್ ಮಾಡುವ ಮುಂಚೆ ನನಗೆ ಓದಿ ಹೇಳಿದ. ದನಿ ಏರಿಸಿ ಓದಿದ. ಮೇ ತಿಂಗಳಲ್ಲಿ ಬೇಕು ಅಂತ ಓಟು ಹಾಕಿದೆ ಎನ್ನುವ ಸಾಲು ಬಂದಾಗ ನಾನು ಎದ್ದು ಬೀನ್ಸ್ ಪಾತ್ರೆಯನ್ನು ಒಲೆಯಿಂದ ಇಳಿಸಿದೆ. ಯಾಕೆಂದರೆ ಓಟಿನ ದಿನ ನಾನು, ನಮ್ಮವರೆಲ್ಲ ಓಟು ಹಾಕುವ ಲೀಜನ್ ಹಾಲ್ ಎದುರಿನ ಚರ್ಚಿನ ಹತ್ತಿರ ಇದ್ದೆ. ನಡೆಯಲಾಗದ ಮುದುಕರನ್ನು ಕಾರಿನಲ್ಲಿ ಕರೆತರುವವರಿಗೆ ದಾರಿ ಹೇಳುವ ಕೆಲಸ ನನ್ನದು. ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೂ ಅಲ್ಲೇ ನಿಂತಿದ್ದೆ. ಅವನು ಬರಲಿಲ್ಲ. ಸಂಜೆ ಕೇಳಿದೆ, "ಹಾಕಿದ್ಯಾ?" "ಬೆಳಿಗ್ಗೇನೇ ಹಾಕ್ದೆ" ಅಂದ. ಕೈಗೆ ಬಿತ್ತನೆಯ ಮಣ್ಣು ಮೆತ್ತಿತ್ತು. ಇಡೀ ದಿನ ಹೊಲದಲ್ಲಿದ್ದ.

ನಿಮಗೆ ಬೇಡ ಅಂತ ಹಾಕುತ್ತೇನೆ ಅಂದಿದ್ದ, ನನಗೆ ಬೇಕು ಅಂತ ಹಾಕುತ್ತೇನೆ ಅಂದಿದ್ದ. ಎರಡೂ ಮಾಡಲಿಲ್ಲ. ನಾನು ನೋಡಿದ್ದು ಅವನಿಗೆ ಹೇಳಿಲ್ಲ. ನಿಮಗೆ ಹೇಳುತ್ತಿರುವುದು ಯಾಕೆಂದರೆ ಅವನು ನನಗೋಸ್ಕರ ನಿಮ್ಮ ಜಮೀನು ಕಳೆದುಕೊಂಡ ಅಂತ ನೀವು ತಿಳಿಯುವುದು ನನಗೆ ಇಷ್ಟವಿಲ್ಲ.

ಒಂದು ದಿನ ಬಂದು ಆ ಟ್ರೈಲರಿನಲ್ಲಿ ಕೂತುಕೊಳ್ಳಿ. ನಿಮ್ಮ ಈಜುಕೊಳ ಎಲ್ಲೂ ಓಡಿಹೋಗುವುದಿಲ್ಲ.

ಒದಿಲಿಯಾ ಇಶ್ಕೊಯ್

ಅರಿಝೋನಾ
1 ಅಕ್ಟೋಬರ್ 2014

ಶ್ರೀಮತಿ ಇಶ್ಕೊಯ್,

ನಿಮ್ಮ ಪತ್ರ ಮೂರು ಸಲ ಓದಿದೆ. ಕಾಗುಣಿತ ಆಬರ್ಲ್ ಡಾಕ್ಟರಿಗಿಂತ ಚೆನ್ನಾಗಿದೆ.

ಈಜುಕೊಳ ಮಾರಿದ ಮನೆಯ ಜೊತೆ ಹೋಯಿತು. ಈಗ ಇರುವುದು ಮುದುಕರ ಮನೆಯಲ್ಲಿ ಒಂದು ಕೋಣೆ. ಕಿಟಕಿಯಿದೆ, ಕಾರು ನಿಲ್ಲಿಸುವ ಜಾಗ ಕಾಣುತ್ತದೆ. ಕಿಟಕಿಯಿಲ್ಲದ ಕೋಣೆಗೆ ಬಾಡಿಗೆ ಕಡಿಮೆ. ನಿಮ್ಮ ಶಾಲೆಯ ತೆರಿಗೆ ಬಂದರೆ ನಾನು ಅಲ್ಲಿಗೆ ಹೋಗಬೇಕಾಗಬಹುದು. ಇದನ್ನು ಕರುಣೆಗೆ ಬರೆಯುತ್ತಿಲ್ಲ. ನೀವು ಕೋಟಿನ ಬಗ್ಗೆ ಹೇಳಿದಿರಿ, ನಾನು ಕಿಟಕಿಯ ಬಗ್ಗೆ ಹೇಳಿದೆ. ಲೋರನ್‌ಗೆ ಹೇಳಬೇಡಿ, ಅವನು ಈಜುಕೊಳವನ್ನೇ ನೋಡಿಕೊಂಡಿರಲಿ.

ಅವನು ಓಟೇ ಹಾಕಲಿಲ್ಲ ಅಂತ ಓದಿ ನನಗೆ ಆಶ್ಚರ್ಯವಾಗಲಿಲ್ಲ. ಚಿಕ್ಕವನಿದ್ದಾಗ ನನ್ನ ತಂಗಿ, "ಆಪಲ್ ಕಡುಬು ಬೇಕೋ ಚೆರ್ರಿ ಕಡುಬು ಬೇಕೋ" ಅಂದರೆ ಇವನು, "ನಿನಗೆ ಯಾವುದು ಸುಲಭ?" ಅನ್ನುತ್ತಿದ್ದ. ಒಳ್ಳೆಯ ಹುಡುಗ ಅಂತ ನಾವೆಲ್ಲ ಕೊಂಡಾಡಿದೆವು. ನಮಗೇ ಬುದ್ಧಿಯಿರಲಿಲ್ಲ.

ಹೊಸ ನಕ್ಷೆಯನ್ನು ಪತ್ರಿಕೆಯಲ್ಲಿ ನೋಡಿದೆ. ಜಿಮ್ ಕೈಬಿಟ್ಟಿದ್ದಾರೆ, ಅಷ್ಟು ಬುದ್ಧಿ ಬಂತು. ಆದರೆ ಛಾವಣಿ ಮಟ್ಟಸ. ನೆಬ್ರಾಸ್ಕಾದಲ್ಲಿ ಮಟ್ಟಸ ಛಾವಣಿ ಕಟ್ಟುವವನು ಹಿಮವನ್ನು ಚಿತ್ರದಲ್ಲಿ ಮಾತ್ರ ನೋಡಿರಬೇಕು. ಹತ್ತು ವರ್ಷಕ್ಕೆ ಸೋರುತ್ತದೆ, ಮತ್ತೊಂದು ಪುಸ್ತಿಕೆ ನನ್ನ ಹೆಸರಿಗೆ ಬರುತ್ತದೆ. ಮುಂದಿನ ಸಭೆಯಲ್ಲಿ ಎದ್ದು ಕೇಳಿ. ನಿಮಗೆ ಎದ್ದು ನಿಲ್ಲುವುದು ಅಭ್ಯಾಸವಿದೆಯಲ್ಲ.

ನಾನು ಈಗಲೂ ಬೇಡ ಅನ್ನುತ್ತೇನೆ. ತಪ್ಪು ತಿಳಿಯಬೇಡಿ.

ಆರ್ಡಿತ್ ಫೆನ್ಸ್ಕೆ

ವಿನ್‌ಸ್ಲೇಡ್
6 ನವೆಂಬರ್ 2014

ಶ್ರೀಮತಿ ಫೆನ್ಸ್ಕೆ ಅವರಿಗೆ,

ಗೆದ್ದೆವು. ಪತ್ರಿಕೆ ಬರುವ ಮುಂಚೆ ನಿಮಗೆ ನನ್ನಿಂದಲೇ ತಿಳಿಯಲಿ ಅಂತ ಬರೆಯುತ್ತಿದ್ದೇನೆ. ಈ ಸಲ ಅಂತರ ದೊಡ್ಡದು. ಜಿಮ್ ಬಿಟ್ಟದ್ದರಿಂದ ಬಹಳ ರೈತರು ನಮ್ಮ ಕಡೆ ಬಂದರು.

ಛಾವಣಿಯ ಮಾತು ಎತ್ತಿದೆ. ಆಬರ್ಲ್ ಅವರು, "ಅದು ತಜ್ಞರ ವಿಷಯ, ಒದಿಲಿಯಾ" ಅಂದರು. ನಾನು, "ತಜ್ಞರು ಎಲ್ಲಿಯವರು?" ಅಂತ ಕೇಳಿದೆ. ಟೆಕ್ಸಸ್‌ನವರಂತೆ. ಹಿಂದಿನ ಸಾಲಿನಲ್ಲಿ ಕೂತಿದ್ದ ರೈತರೆಲ್ಲ ಒಟ್ಟಿಗೆ ನಕ್ಕರು. ಛಾವಣಿಗೆ ಇಳಿಜಾರು ಬಂತು. ಸಲಹೆ ಯಾರದ್ದು ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ನಿಮಗೂ ಇಷ್ಟವಾಗುತ್ತಿರಲಿಲ್ಲ.

ಲೋರನ್ ಬಂದು ಓಟು ಹಾಕಿದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜನ ಹೆಚ್ಚಿರುವ ಹೊತ್ತು ನೋಡಿ ಬಂದ. ಒಳಗೆ ಹೋಗುವ ಮುಂಚೆ ನನ್ನ ಕಡೆ ಕೈ ಬೀಸಿದ. ನಾನೂ ಬೀಸಿದೆ. ಜಮೀನು ಹೋದ ಮೇಲೆ ಅವನಿಗೆ ಹೆದರಲು ಏನೂ ಉಳಿದಿರಲಿಲ್ಲ. ಅಂಥ ಧೈರ್ಯಕ್ಕೆ ಅಂಗಿ ಇಸ್ತ್ರಿ ಮಾಡಿದವಳು ನಾನೇ, ಅದೊಂದು ನನಗೆ ಬೇಜಾರು.

ನಿಮ್ಮ ಕಿಟಕಿಯ ಬಗ್ಗೆ ಯೋಚಿಸಿದೆ. ಆದರೂ ಮತ್ತೆ ಕೇಳಬೇಕಾಗಿ ಬಂದಿದ್ದರೆ ಮತ್ತೆ ಕೇಳುತ್ತಿದ್ದೆ.

ಒದಿಲಿಯಾ

ಅರಿಝೋನಾ
30 ನವೆಂಬರ್ 2014

ಒದಿಲಿಯಾ,

ಅಭಿನಂದನೆ ಹೇಳುವುದಿಲ್ಲ. ಒಂದು ವ್ಯವಹಾರದ ಮಾತು.

ಜಮೀನು ಇನ್ನೂ ಯಾರಿಗೂ ಕೊಟ್ಟಿಲ್ಲ. ಕೇಳಿ ಬಂದವರು ಮೂವರು, ಮೂವರೂ ಲೋರನ್ ಥರವೇ ಬರೆಯುತ್ತಾರೆ. "ತಾವು ಹೇಳಿದಂತೆ, ತಮ್ಮ ಇಷ್ಟದಂತೆ" ಅಂತ. ಒಬ್ಬನಂತೂ ನನ್ನ ಪತ್ರಿಕೆಯ ಕಾಗದವನ್ನು ಕತ್ತರಿಸಿ ಇಟ್ಟುಕೊಂಡಿದ್ದಾನಂತೆ. ಅಂಥವನು ಕೊಯ್ಲಿನ ಲೆಕ್ಕ ಹೇಗೆ ಕೊಡುತ್ತಾನೆ ಅಂತ ನನಗೆ ಗೊತ್ತು.

ಗೇಣಿ ನಿಮ್ಮ ಹೆಸರಿಗೆ ಬರೆಯುತ್ತೇನೆ. ಅವನ ಹೆಸರಿಗಲ್ಲ. ಶಾಲೆಯ ತೆರಿಗೆ ಎಷ್ಟು ಏರುತ್ತದೋ ಅಷ್ಟು ಗೇಣಿಯೂ ಏರುತ್ತದೆ. ಶಾಲೆ ಬೇಕಿದ್ದದ್ದು ನಿಮಗೆ, ನೀವೇ ಕಟ್ಟಿ. ಟ್ರ್ಯಾಕ್ಟರ್ ಓಡಿಸಲು ಆಳು ಬೇಕಿದ್ದರೆ ನಿಮ್ಮ ಮನೆಯಲ್ಲೇ ಒಬ್ಬನಿದ್ದಾನೆ, ಸಂಬಳ ನೀವೇ ಗೊತ್ತುಮಾಡಿ.

ಒಪ್ಪಿಗೆಯಾದರೆ ಕ್ರಿಸ್‌ಮಸ್ ಒಳಗೆ ಬರೆಯಿರಿ.

ಆರ್ಡಿತ್

ವಿನ್‌ಸ್ಲೇಡ್
14 ಡಿಸೆಂಬರ್ 2014

ಆರ್ಡಿತ್ ಅವರಿಗೆ,

ಬೇಡ.

ಕಾರಣ ಕೇಳುತ್ತೀರಿ ಅಂತ ಬರೆಯುತ್ತೇನೆ. ನಿಮ್ಮ ಜಮೀನು ಬಾಯಿ ಮುಚ್ಚಿಸುವ ಜಮೀನು. ಎರಡು ವರ್ಷ ನನ್ನ ಮನೆಯಲ್ಲಿ ಅದನ್ನು ನೋಡಿದೆ. ಇವತ್ತು ನನ್ನ ಹೆಸರಿಗೆ ಬರೆಯಿಸಿಕೊಂಡರೆ ನಾಳೆ ಸಭೆಯಲ್ಲಿ ಎದ್ದು ನಿಲ್ಲುವ ಮುಂಚೆ ನಾನೂ ನಿಮ್ಮ ಮುಖ ನೆನೆಸಿಕೊಳ್ಳುತ್ತೇನೆ. ನೀವು ಕೆಟ್ಟವರು ಅಂತಲ್ಲ. ಜಮೀನು ಇರುವವರು ಹಾಗೇ. ಗಂಡನನ್ನು ಆಳು ಅಂತ ಕರೆದ ಪತ್ರಕ್ಕೆ ಸಹಿ ಹಾಕುವುದೂ ನನಗೆ ಆಗುವುದಿಲ್ಲ. ಅವನ ಬಗ್ಗೆ ನನಗಿರುವ ಸಿಟ್ಟು ನನ್ನದು, ಅದನ್ನು ನಿಮ್ಮ ಜೊತೆ ಹಂಚಿಕೊಂಡದ್ದೇ ಜಾಸ್ತಿಯಾಯಿತು.

ನಿಮ್ಮ ಪತ್ರವನ್ನೂ ಈ ಉತ್ತರವನ್ನೂ ಅವನಿಗೆ ತೋರಿಸಿದೆ. ಓದಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ನನಗೆ ಆ ಜಮೀನು ಬೇಕು, ಒದಿಲಿಯಾ. ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ನನ್ನ ಕೇಳ್ಬೇಕಿತ್ತು" ಅಂದ. ಬ್ರಿಸೇದಾ ಹೆದರಿ ಚಮಚ ಕೆಳಗಿಟ್ಟಳು, ಅವನ ದನಿ ಅಷ್ಟು ದೊಡ್ಡದು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ನನಗೂ ಗೊತ್ತಿರಲಿಲ್ಲ.

ಬೇಕಾದರೆ ನೀನೇ ಕೇಳು ಅಂದೆ. ನನ್ನ ಉತ್ತರ ಬದಲಾಗುವುದಿಲ್ಲ.

ಒದಿಲಿಯಾ

ವಿನ್‌ಸ್ಲೇಡ್
17 ಡಿಸೆಂಬರ್ 2014

ದೊಡ್ಡಮ್ಮ,

ಜಮೀನು ನನಗೆ ಬೇಕು. ಇಪ್ಪತ್ತಾರು ವರ್ಷದಿಂದ ಉಳುತ್ತಿದ್ದೇನೆ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ದಿಬ್ಬದಲ್ಲಿ ಜೋಳ ಮೊದಲು ಒಣಗುತ್ತದೆ ನನಗೆ ಗೊತ್ತು. ಬೇರೆಯವನು ಕಲಿಯುವಷ್ಟರಲ್ಲಿ ಮಣ್ಣು ಕೊಚ್ಚಿಹೋಗುತ್ತದೆ. ನೀವು ಹೇಳಿದ ಗೇಣಿ ಕೊಡುತ್ತೇನೆ, ತೆರಿಗೆ ಏರಿದ್ದೂ ಸೇರಿಸಿ. ಆದರೆ ನನ್ನ ಹೆಸರಿಗೆ ಬರೆಯಬೇಕು, ಐದು ವರ್ಷಕ್ಕೆ, ಕಾಗದದ ಮೇಲೆ. ಬರೀ ಮಾತಿನ ಗೇಣಿ ಇನ್ನು ಬೇಡ.

ಮೇ ತಿಂಗಳಲ್ಲಿ ನಾನು ಓಟು ಹಾಕಲು ಹೋಗಲೇ ಇಲ್ಲ. ಮೊನ್ನೆ ಒದಿಲಿಯಾಗೆ ಹೇಳಿದೆ. ಅವಳಿಗೆ ಗೊತ್ತಿತ್ತಂತೆ, ನಿಮಗೂ ಗೊತ್ತಂತೆ. ನನ್ನ ಬಗ್ಗೆ ನೀವು ಬರೆದದ್ದೆಲ್ಲ ಓದಿದೆ, ಅವಳು ಬರೆದದ್ದನ್ನು ಅವಳೇ ಹೇಳಿದಳು. ಇಲ್ಲ ಅನ್ನುವಂಥದ್ದು ಅದರಲ್ಲಿ ಏನೂ ಇಲ್ಲ.

ನವೆಂಬರಿನಲ್ಲಿ ಬೇಕು ಅಂತ ಹಾಕಿದೆ, ತರಗತಿಗಳಿಗೆ. ಮೂರು ವರ್ಷ ಬಿಟ್ಟು ಆಬರ್ಲ್ ಮತ್ತೆ ಜಿಮ್ ಕೇಳುತ್ತಾನಂತೆ. ಅದಕ್ಕೆ ಬೇಡ ಅಂತ ಹಾಕುತ್ತೇನೆ. ಒದಿಲಿಯಾಗೆ ಹೇಳಿದ್ದಕ್ಕೆ ಒದ್ದೆ ಬಟ್ಟೆ ತೆಗೆದು ನನ್ನ ಮುಖಕ್ಕೆ ಎಸೆದಳು. ಬ್ರಿಸೇದಾಗೆ ಬ್ಯಾಸ್ಕೆಟ್‌ಬಾಲ್ ಆಡುವ ಆಸೆಯಿದೆ, ಅವಳೂ ಎರಡು ದಿನದಿಂದ ಮಾತಾಡಿಸುತ್ತಿಲ್ಲ. ಆದರೂ ಬೇಡ ಅಂತಲೇ ಹಾಕುತ್ತೇನೆ.

ನೀವು ಜಮೀನು ಕೊಟ್ಟರೂ ಕೊಡದಿದ್ದರೂ ಜನವರಿಯಲ್ಲಿ ನಾವು ಮೂವರೂ ಅಲ್ಲಿಗೆ ಬರುತ್ತೇವೆ. ನಿಮ್ಮ ಕೋಣೆಯಲ್ಲಿ ಜಾಗ ಸಾಲದಿದ್ದರೆ ಹೊರಗೆ ಎಲ್ಲಾದರೂ ಊಟ ಮಾಡೋಣ. ಕಡುಬು ತರಿಸುವುದಾದರೆ ನನಗೆ ಚೆರ್ರಿ.

ಲೋರನ್